ತಂತಿಯನ್ನು ತುಂಡರಿಸಿದ ಗಣಿತ

ದೂರದರ್ಶನ ಒಂದೇ ವಾಹಿನಿಯಾಗಿದ್ದ ಕಾಲದಲ್ಲಿ ಮನೆಯ ಮಾಡಿನ ಮೇಲೆ ಮೀನಿನ ಮೂಳೆಯಂತಹ ಆಂಟೆನಾ ಇರುತ್ತಿದ್ದುದು ನಿಮಗೆ ಗೊತ್ತಿರಬಹುದು. ಗಾಳಿಗೆ ಅದು ತಿರುಗಿತೆಂದರೆ ಪರದೆಯ ತುಂಬ ಚುಕ್ಕೆಗಳೇ. ಏಕೆಂದರೆ ಆಂಟೆನಾ ಎಲ್ಲ ದಿಕ್ಕುಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. ಯಾವ ದಿಕ್ಕಿಗೆ ಎಷ್ಟು ಎಂದು ತೋರಿಸುವ ಚಿತ್ರವೇ ಅದರ ವಿಕಿರಣ ನಕ್ಷೆ.

ಈ ಆಂಟೆನಾದ ತವರು ಜಪಾನ್. ಶಿಂತಾರೊ ಉದಾ 1926ರಲ್ಲಿ ಇದರ ಬಗ್ಗೆ ಬರೆದರು. 1928ರಲ್ಲಿ ಹಿದೆತ್ಸುಗು ಯಾಗಿ ಇಂಗ್ಲಿಷಿನಲ್ಲಿ ಬರೆದ ಮೇಲೆ ಅದು ಹೊರಜಗತ್ತಿಗೆ ತಿಳಿಯಿತು. (ದುಡಿದವರು ಹೆಚ್ಚಾಗಿ ಉದಾ, ಜನರ ಬಾಯಲ್ಲಿ ಉಳಿದ ಹೆಸರು ಯಾಗಿ!) ಸರಳುಗಳ ಉದ್ದ, ಅಂತರಗಳನ್ನು ಬದಲಿಸುತ್ತ ಅಳೆಯುವುದೇ ಆಗಿನ ದಾರಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1976ರಲ್ಲಿ ಪ್ರಕಟಿಸಿದ ಯಾಗಿ ಕೋಷ್ಟಕಗಳು ಕೂಡ ಅಳತೆಯಿಂದ ಬಂದವೇ.

ಹಾಗಾದರೆ ಸಮೀಕರಣ ಇರಲಿಲ್ಲವೆ? ಇತ್ತು. ಇಂಗ್ಲೆಂಡಿನ ಪಾಕ್ಲಿಂಗ್ಟನ್ 1897ರಲ್ಲೇ ಅದನ್ನು ಬರೆದಿದ್ದರು. ತೊಡಕು ಬೇರೆಯದು. ತಂತಿಯ ಒಂದು ಭಾಗದಲ್ಲಿ ಹರಿಯುವ ವಿದ್ಯುತ್ಪ್ರವಾಹ ಉಳಿದೆಲ್ಲ ಭಾಗಗಳನ್ನು ಪ್ರಭಾವಿಸುತ್ತದೆ, ಅವು ಇದನ್ನು ಪ್ರಭಾವಿಸುತ್ತವೆ. ಯಾವುದರ ಬೆಲೆಯೂ ಮೊದಲೇ ತಿಳಿದಿಲ್ಲ!

ಉಪಾಯ ಸರಳ. ತಂತಿಯನ್ನು ಪುಟ್ಟ ತುಂಡುಗಳಾಗಿ ಭಾವಿಸಿಕೊಳ್ಳಿ. ಪ್ರತಿ ತುಂಡಿನ ಪ್ರವಾಹ ಒಂದು ಅಜ್ಞಾತ. 100 ತುಂಡುಗಳಾದರೆ 100 ಏಕಕಾಲಿಕ ಸಮೀಕರಣಗಳು, ಅಂದರೆ 10,000 ಸಂಖ್ಯೆಗಳ ಒಂದು ಮಾತೃಕೆ. ಅದನ್ನು ಬಿಡಿಸಿ ಪ್ರವಾಹಗಳನ್ನು ಪಡೆದು, ಪ್ರತಿ ತುಂಡಿನಿಂದ ಹೊರಟ ಅಲೆಗಳನ್ನು ಕೂಡಿಸಿದರೆ ನಕ್ಷೆ ಸಿದ್ಧ. ಕೈಲೆಕ್ಕಕ್ಕೆ ಇದು ಎಟುಕದು. ತುಂಡುಗಳನ್ನು ಇಮ್ಮಡಿಸಿದರೆ ಮಾತೃಕೆ ನಾಲ್ಕು ಪಟ್ಟು, ಬಿಡಿಸುವ ಶ್ರಮ ಸುಮಾರು ಎಂಟು ಪಟ್ಟು. ಗಣಕಯಂತ್ರ ಬರುವವರೆಗೆ ಕಾಯಲೇಬೇಕಿತ್ತು. 1968ರಲ್ಲಿ ರೋಜರ್ ಹ್ಯಾರಿಂಗ್ಟನ್ ತಮ್ಮ ಪುಸ್ತಕದಲ್ಲಿ ಈ 'ಮೊಮೆಂಟ್ ವಿಧಾನ'ಕ್ಕೆ ವ್ಯವಸ್ಥಿತ ರೂಪ ಕೊಟ್ಟರು.

ಅದನ್ನು ಎಲ್ಲರಿಗೂ ಒದಗಿಸಿದ್ದು ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ಬರ್ಕ್ ಮತ್ತು ಪೋಜಿಯೊ. ಅವರ 'ನೆಕ್-2' ತಂತ್ರಾಂಶದ ಕೈಪಿಡಿ 1981ರದು. ಆಂಟೆನಾದ ವಿವರಗಳನ್ನು ರಂಧ್ರಪತ್ರಗಳಲ್ಲಿ ಕೊಡುತ್ತಿದ್ದ ಪದ್ಧತಿಯ ಗುರುತು ಇನ್ನೂ ಅಳಿದಿಲ್ಲ: ನಿಮ್ಮ ಮೇಜಿನ ಗಣಕದಲ್ಲಿ ಇಂದು ನೆಕ್ ನಡೆಸಿದರೂ ಪ್ರತಿ ಸಾಲಿಗೆ 'ಕಾರ್ಡ್' ಎಂದೇ ಹೆಸರು.

ಚಿತ್ರ ಅಂದವಾಗಿ ಬಂದ ಮಾತ್ರಕ್ಕೆ ನಂಬಬೇಡಿ. ತುದಿಯತ್ತ ಹಂತಹಂತವಾಗಿ ಸಪೂರವಾಗುವ ಸರಳುಗಳಲ್ಲಿ ನೆಕ್-2 ತಪ್ಪುತ್ತದೆ, ತಪ್ಪಿದ್ದನ್ನು ಹೇಳುವುದೂ ಇಲ್ಲ. ಮೊದಲು ಅರ್ಧ ತರಂಗದುದ್ದದ ತೆಳು ತಂತಿಯೊಂದನ್ನು ಕೊಟ್ಟು ನೋಡಿ: ಗಳಿಕೆ ಸುಮಾರು 2.15 ಡೆಸಿಬೆಲ್, ರೋಧ 73 ಓಮ್ ಆಸುಪಾಸು ಬರಬೇಕು. ಬಳಿಕ ತುಂಡುಗಳನ್ನು ಇಮ್ಮಡಿಸಿ. ಉತ್ತರ ಅಲುಗಾಡಿದರೆ ಮೊದಲ ಲೆಕ್ಕ ಸಾಲದಾಗಿತ್ತು ಎಂದರ್ಥ.

2006ರ ಮಾರ್ಚ್‌ನಲ್ಲಿ ನಾಸಾ ಹಾರಿಸಿದ 'ಎಸ್‌ಟಿ-5' ಪುಟ್ಟ ಉಪಗ್ರಹಗಳಲ್ಲಿ ಅಡ್ಡಾದಿಡ್ಡಿ ಬಗ್ಗಿಸಿದ ತಂತಿಯ ಆಂಟೆನಾ ಇತ್ತು. ಅದರ ಆಕಾರವನ್ನು ಹುಡುಕಿದ್ದು ಗಣಕವೇ, ಅಸಂಖ್ಯ ಆಕಾರಗಳನ್ನು ಒಂದೊಂದಾಗಿ ತೂಗಿ ನೋಡಿದ್ದು ನೆಕ್. ಆದರೂ ಹಾರಿಸುವ ಮುನ್ನ ಮಾದರಿ ಮಾಡಿ, ಪ್ರತಿಫಲನವಿಲ್ಲದ ಕೋಣೆಯಲ್ಲಿಟ್ಟು ಅಳೆದರು.