ಕನ್ನಡಕ ಕೊಟ್ಟವರು, ಕನ್ನಡಕ ಮುರಿದಾಗ ಇದ್ದವರು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ‘ಉಚಿತ ನೇತ್ರ ತಪಾಸಣೆ ಮತ್ತು ಕನ್ನಡಕ ವಿತರಣೆ’ ಎಂಬ ಬ್ಯಾನರ್ ಕಣ್ಣಿಗೆ ಬೀಳದ ತಿಂಗಳೇ ಅಪರೂಪ. ಒಮ್ಮೆ ಲಯನ್ಸ್ ಕ್ಲಬ್ಬಿನವರದು, ಒಮ್ಮೆ ದೇವಸ್ಥಾನದ ಟ್ರಸ್ಟಿನವರದು, ಇನ್ನೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಆವರಣದಲ್ಲೇ. ಮರದ ಬೆಂಚು, ಗೋಡೆಗೆ ನೇತುಹಾಕಿದ ಚಾರ್ಟು, ಆರು ಮೀಟರ್ ಅಳೆದು ನೆಲಕ್ಕೆ ಎಳೆದ ಸೀಮೆಸುಣ್ಣದ ಗೆರೆ, ಟೋಕನ್ ಹಿಡಿದು ಕೂತ ಹಿರಿಯರು. ಇದೆಲ್ಲ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಇದಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ ಎಂಬುದು ನೆನಪಿಗೇ ಬರುವುದಿಲ್ಲ. ಆ ಚರಿತ್ರೆಯ ಒಂದು ಮುಖ್ಯ ಬೇರು ಕ್ರೈಸ್ತ ಮಿಷನ್ ಸೇವೆಯಲ್ಲಿದೆ. ಊರು ಬಿಟ್ಟು, ದೇಶ ಬಿಟ್ಟು ಬಂದು ಪರರ ಕಣ್ಣು ನೋಡಿದವರ ಕಥೆ ಅದು.

ಮೊದಲು ಬಂದದ್ದು ಕನ್ನಡಕವಲ್ಲ, ಕತ್ತಿ. ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯೇ ಮಿಷನ್ ವೈದ್ಯರ ಹೆಸರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. 1900ರಲ್ಲಿ ಕ್ವೆಟ್ಟಾಕ್ಕೆ ಬಂದ ಹೆನ್ರಿ ಹಾಲೆಂಡ್ ಸಿಂಧ್‌ನ ಶಿಕಾರ್‌ಪುರದಲ್ಲಿ ಪ್ರತಿ ಚಳಿಗಾಲ ಕಣ್ಣಿನ ಶಿಬಿರ ನಡೆಸಿದರು. ಅಮೆರಿಕದ ವಿಕ್ಟರ್ ರಾಂಬೊ ಮುಂಗೇಲಿಯಲ್ಲಿ ಶುರುಮಾಡಿ, 1947ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು, ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ಹಳ್ಳಿಗೆ ಹೋಗಬೇಕು ಎಂಬ ಪದ್ಧತಿಯನ್ನು ಗಟ್ಟಿಮಾಡಿದರು. ಆಂಧ್ರದ ಸೋಂಪೇಟದಲ್ಲಿದ್ದ ಕೆನಡಾದ ಬ್ಯಾಪ್ಟಿಸ್ಟ್ ಮಿಷನರಿ ವೈದ್ಯ ಬೆನ್ ಗಲ್ಲಿಸನ್ ಅವರ ಕೆಲಸ ಕಂಡು ಕ್ಯಾಲ್ಗರಿಯ ವ್ಯಾಪಾರಿಯೊಬ್ಬರು 1963ರಲ್ಲಿ ‘ಆಪರೇಷನ್ ಐಸೈಟ್’ ಕಟ್ಟಿದರು. ಜರ್ಮನಿಯ ಪಾದ್ರಿ ಅರ್ನ್ಸ್ಟ್ ಕ್ರಿಸ್ಟಾಫೆಲ್ 1908ರಲ್ಲಿ ತುರ್ಕಿಯ ಮಲಾತ್ಯಾದಲ್ಲಿ ಕುರುಡು ಮಕ್ಕಳಿಗೂ ಅನಾಥರಿಗೂ ತೆರೆದ ಆಶ್ರಯದಿಂದ ಬೆಳೆದದ್ದು ಇಂದಿನ ಸಿಬಿಎಂ ಎಂಬ ಸೇವಾ ಸಂಸ್ಥೆ. ಅದು ಭಾರತದಲ್ಲಿ ಕೆಲಸ ಆರಂಭಿಸಿದ್ದು 1967ರಲ್ಲಿ. ಅದರ ಭಾರತದ ಟ್ರಸ್ಟಿನ ಕಚೇರಿ ಜಯನಗರಕ್ಕೆ ಅಂಟಿಕೊಂಡಿರುವ ಬಸವನಗುಡಿಯ ಪುಟ್ಟಣ್ಣ ರಸ್ತೆಯಲ್ಲಿದೆ ಎಂಬುದು ಆ ರಸ್ತೆಯಲ್ಲಿ ದಿನಾ ಓಡಾಡುವ ಅನೇಕರಿಗೆ ತಿಳಿದಿರಲಾರದು.

ಬೆಂಗಳೂರಿನ ಮಟ್ಟಿಗೆ ನೋಡಿದರೆ ಕಣ್ಣಿನ ಚಿಕಿತ್ಸೆಗೆ ಮೊದಲ ನೆಲೆ ಒದಗಿಸಿದ್ದು ಮೈಸೂರು ಸಂಸ್ಥಾನ. 1896ರಲ್ಲಿ ಸಣ್ಣದಾಗಿ ಶುರುವಾಗಿ 1913ರಲ್ಲಿ ಚಾಮರಾಜಪೇಟೆಯ ಈಗಿನ ಕಟ್ಟಡಕ್ಕೆ ಬಂದ ಮಿಂಟೊ ಆಸ್ಪತ್ರೆ ಇಂದಿಗೂ ಬಡವರ ದೊಡ್ಡ ಆಸರೆ. ಇನ್ನು ಶಿಬಿರ ಎಂದರೆ ಕನ್ನಡಿಗರ ಮನಸ್ಸಿಗೆ ಬರುವುದು ಯಾವ ಮಿಷನರಿಯೂ ಅಲ್ಲ, ಬೀಳಗಿಯ ಡಾ. ಎಂ.ಸಿ. ಮೋದಿ. 1943ರಿಂದ ಊರೂರು ಸುತ್ತಿದ ಅವರು ತಿರುಪತಿಯಲ್ಲಿ 1968ರಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರು. 1993ರ ಫೆಬ್ರವರಿ ಹೊತ್ತಿಗೆ ಅವರ ಕೈಯಲ್ಲಿ ನಡೆದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6,10,564 ಎಂದು ಗಿನ್ನೆಸ್ ದಾಖಲಿಸಿದೆ. ಬೆಂಗಳೂರಿನ ಮೋದಿ ಆಸ್ಪತ್ರೆ ರಸ್ತೆ ಅವರ ಹೆಸರನ್ನೇ ಹೊತ್ತಿದೆ. ಮಿಷನ್ ವೈದ್ಯರ ಪದ್ಧತಿಯೂ ಮೋದಿಯವರ ಪದ್ಧತಿಯೂ ಒಂದೇ ಕಾಲದ ಒಂದೇ ಅಗತ್ಯಕ್ಕೆ ಹುಟ್ಟಿದವು: ವೈದ್ಯರು ಕೈಬೆರಳೆಣಿಕೆಯಷ್ಟು, ಕತ್ತಲಲ್ಲಿ ಕೂತವರು ಲಕ್ಷಗಟ್ಟಲೆ.

ಕನ್ನಡಕದ ಕಥೆ ನಿಜವಾಗಿ ಶುರುವಾಗುವುದು ಈ ಶಿಬಿರಗಳ ಮಾರನೆಯ ದಿನ. ಆಗಿನ ಶಸ್ತ್ರಚಿಕಿತ್ಸೆಯಲ್ಲಿ ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಅದರ ಜಾಗಕ್ಕೆ ಏನನ್ನೂ ಕೂಡಿಸುತ್ತಿರಲಿಲ್ಲ. ಹಾಗಾಗಿ ರೋಗಿಗೆ ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜು ಬೇಕೇ ಬೇಕು. ಅಜ್ಜಿ ತಾತಂದಿರ ಕಣ್ಣನ್ನು ದೊಡ್ಡದಾಗಿ ತೋರಿಸುತ್ತಿದ್ದ ಆ ಕನ್ನಡಕ ಹಳೆಯ ತಲೆಮಾರಿಗೆಲ್ಲ ಪರಿಚಿತ. ನೇರಕ್ಕೆ ನೋಡಿದರೆ ಸ್ಪಷ್ಟ, ಪಕ್ಕಕ್ಕೆ ತಿರುಗಿದರೆ ಎಲ್ಲ ಕಲಸಿಕೊಂಡಂತೆ, ಮೆಟ್ಟಿಲು ಇದ್ದಲ್ಲಿ ಕಾಣದೆ ಬೇರೆಲ್ಲೋ ಕಾಣುವುದು. ಅದು ದನದ ಕೊಟ್ಟಿಗೆಯಲ್ಲಿ ಬಿದ್ದು ಒಡೆದರೆ? ಶಿಬಿರ ಎಂದೋ ಮುಗಿದಿದೆ, ವೈದ್ಯರು ಬೇರೆ ಜಿಲ್ಲೆಯಲ್ಲಿದ್ದಾರೆ, ಹೊಸ ಗಾಜು ಜಿಲ್ಲಾಕೇಂದ್ರದಲ್ಲಿ ಮಾತ್ರ ಸಿಗುತ್ತದೆ. ಶಸ್ತ್ರಚಿಕಿತ್ಸೆ ಗೆದ್ದೂ ಮನುಷ್ಯ ಮತ್ತೆ ಕುರುಡ. 1992ರಲ್ಲಿ ಮಧುರೆಯ ಅರವಿಂದ ಸಂಸ್ಥೆಯವರು ಆರೋಲ್ಯಾಬ್ ಸ್ಥಾಪಿಸಿ ಕಣ್ಣೊಳಗೇ ಕೂಡಿಸುವ ಮಸೂರವನ್ನು ಇಲ್ಲೇ ತಯಾರಿಸಿ, ಬೆಲೆಯನ್ನು ಹಲವು ಪಟ್ಟು ಇಳಿಸಿದ ಮೇಲಷ್ಟೇ ಈ ಸಂಕಟ ನೀಗಿತು. ಬಯಲು ಶಾಮಿಯಾನದ ಶಸ್ತ್ರಚಿಕಿತ್ಸೆಯೂ ನಿಧಾನವಾಗಿ ನಿಂತು, ಶಿಬಿರದಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ ಎಂಬ ಕ್ರಮ ಬಂತು. ಕೊಟ್ಟರೆ ಸಾಲದು, ಮುರಿದಾಗಲೂ ಇರಬೇಕು ಎಂಬ ಆ ದಪ್ಪ ಗಾಜಿನ ವರ್ಷಗಳ ಪಾಠವನ್ನು ಕನ್ನಡಕ ಹಂಚುವ ಸೇವೆ ಬಹುಕಾಲ ಕಲಿಯಲಿಲ್ಲ ಎಂಬುದು ನನ್ನ ದೂರು.

ಇನ್ನೊಂದು ಕಡೆ, ಸಮುದ್ರದಾಚೆ, ಕನ್ನಡಕವೇ ಸೇವೆಯ ಕೇಂದ್ರವಾಗತೊಡಗಿತ್ತು. 1932ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜೂಲಿಯಾ ಟೆರ‍್ರಿ ಎಂಬ ಮಹಿಳೆ ಜನ ಬಿಟ್ಟ ಹಳೆಯ ಕನ್ನಡಕಗಳನ್ನು ಕೂಡಿಸಿ ಬಡವರಿಗೆ ಕೊಡುವ ಕೆಲಸ ಶುರುಮಾಡಿದರು. ಮುಂದೆ ಲಯನ್ಸ್ ಕ್ಲಬ್ಬುಗಳೂ ಚರ್ಚುಗಳೂ ಇದನ್ನು ದೊಡ್ಡದಾಗಿ ಕೈಗೆತ್ತಿಕೊಂಡವು. ಚರ್ಚಿನ ಬಾಗಿಲಲ್ಲಿ ಒಂದು ಪೆಟ್ಟಿಗೆ. ಭಕ್ತರು ಅದರಲ್ಲಿ ತಮ್ಮ ಹಳೆಯ ಕನ್ನಡಕ ಹಾಕುತ್ತಾರೆ. ಸ್ವಯಂಸೇವಕರು ಅವನ್ನು ತೊಳೆದು, ಪವರ್ ಅಳೆದು, ಚೀಟಿ ಅಂಟಿಸುತ್ತಾರೆ. ವರ್ಷಕ್ಕೊಮ್ಮೆ ಒಂದು ತಂಡ ರಜೆ ಹಾಕಿ, ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಂಡು ಆಫ್ರಿಕಕ್ಕೋ ಲ್ಯಾಟಿನ್ ಅಮೆರಿಕಕ್ಕೋ ಏಷ್ಯಾಕ್ಕೋ ಹೊರಡುತ್ತದೆ. ಬೆಳಗಿನಿಂದ ಸಂಜೆವರೆಗೆ ಸಾಲು ಕರಗುವುದಿಲ್ಲ. ಹಾಗೆ ಹೋದವರ ಶ್ರದ್ಧೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಗುರುತು ಪರಿಚಯವಿಲ್ಲದ ಊರಿನ ಮುದುಕಿಯ ಮುಂದೆ ಮೊಣಕಾಲೂರಿ ಫ್ರೇಮ್ ಸರಿಮಾಡಿ ಕೂಡಿಸುವುದು ಸಣ್ಣ ಕೆಲಸವಲ್ಲ.

ಆದರೆ ಕಣ್ಣಿಗೆ ಶ್ರದ್ಧೆಯೊಂದೇ ಸಾಲದು, ಅಳತೆ ಬೇಕು. ಒಬ್ಬರ ಎರಡು ಕಣ್ಣಿನ ಪವರ್ ಬೇರೆಬೇರೆ ಇರಬಹುದು. ಸಿಲಿಂಡರ್ ದೋಷವಿದ್ದರೆ ಗಾಜಿನ ಕೋನ ಸರಿಯಾಗಿ ಕೂರಬೇಕು. ಪಾಪೆಯಿಂದ ಪಾಪೆಗಿರುವ ದೂರಕ್ಕೆ ಮಸೂರದ ನಡುಬಿಂದು ಹೊಂದದಿದ್ದರೆ ತಲೆನೋವು, ತಲೆಸುತ್ತು. ಯಾರದೋ ಮುಖಕ್ಕೆ ಮಾಡಿದ ಕನ್ನಡಕ ಇನ್ಯಾರದೋ ಕಣ್ಣಿಗೆ ಈ ಎಲ್ಲದರಲ್ಲೂ ಒಪ್ಪುವುದು ಅದೃಷ್ಟದ ಮಾತು. ದಾನವಾಗಿ ಬಂದ ಹಳೆಯ ಕನ್ನಡಕಗಳನ್ನು ಒಂದೊಂದಾಗಿ ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಳಸಲು ಯೋಗ್ಯವಾದವು ನೂರಕ್ಕೆ ಏಳು ಮಾತ್ರ ಎಂದಿತು. ಅವನ್ನು ಆರಿಸಿ ಸಾಗಿಸುವ ಖರ್ಚೆಲ್ಲ ಸೇರಿದರೆ ಹೊಸ ಕನ್ನಡಕವೇ ಅಗ್ಗ. ಅಂಧತ್ವ ತಡೆಯ ಅಂತರರಾಷ್ಟ್ರೀಯ ಒಕ್ಕೂಟವೂ ಹಳೆಯ ಕನ್ನಡಕಗಳ ದಾನವನ್ನು ಸ್ವೀಕರಿಸಬೇಡಿ ಎಂದೇ ಸಲಹೆ ಕೊಟ್ಟಿದೆ. ಜರ್ಮನಿಯ ಶಾಲಾ ಮೇಷ್ಟ್ರು ಮಾರ್ಟಿನ್ ಔಫ್‌ಮೂತ್ 2012ರಲ್ಲಿ ಆರಂಭಿಸಿದ ‘ಒಂದು ಡಾಲರ್ ಕನ್ನಡಕ’ ಈ ಯೋಚನೆಯನ್ನೇ ತಿರುಗಿಸಿತು: ಸ್ಪ್ರಿಂಗ್ ಉಕ್ಕಿನ ತಂತಿಯನ್ನು ಬಗ್ಗಿಸಿ ಫ್ರೇಮ್ ಮಾಡುವ ಸಣ್ಣ ಯಂತ್ರ, ಸಿದ್ಧ ಮಸೂರಗಳ ಪೆಟ್ಟಿಗೆ, ಅದನ್ನು ನಡೆಸಲು ಕಲಿತ ಸ್ಥಳೀಯರು. ಪರದೇಶದವರು ವಾಪಸ್ ಹೋದರೂ ಅಂಗಡಿ ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಿದ್ಧ ಕನ್ನಡಕ ಧಾರಾಳವಾಗಿ ಹಂಚಬಹುದಾದ ವಸ್ತು. ಅದು ಚಾಳೀಸು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಬರುವಂಥದ್ದು. ಹೆಚ್ಚಿನವರಿಗೆ ಎರಡೂ ಕಣ್ಣಿಗೆ ಒಂದೇ ಪವರ್ ಸಾಕು. ಪ್ಲಸ್ ಒಂದರಿಂದ ಮೂರೂವರೆವರೆಗಿನ ನಾಲ್ಕಾರು ಬಗೆಯ ಕನ್ನಡಕ ಇದ್ದರೆ ಸಾಲು ಸಾಗುತ್ತದೆ. ಇಂಥ ತಪಾಸಣೆಯಲ್ಲಿ ಓದುಬರಹ ಬಾರದವರ ಕೈಗೆ ಅಕ್ಷರದ ಕಾರ್ಡು ಕೊಟ್ಟು ಪ್ರಯೋಜನವಿಲ್ಲ, ಅವರವರ ಕೆಲಸವನ್ನೇ ಕೊಡಬೇಕು. ಒಬ್ಬರಿಗೆ ಸೂಜಿದಾರ, ಒಬ್ಬರಿಗೆ ಕಲ್ಲು ಸೇರಿದ ಒಂದು ಹಿಡಿ ಅಕ್ಕಿ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಹೂ ಕಟ್ಟಿ ಮಾರುವ ಹೆಂಗಸರನ್ನು ಗಮನಿಸಿ. ಬೆರಳಿಗೆ ದಾರ ಸುತ್ತಿಕೊಂಡು ಕನಕಾಂಬರದ ಎಳೆ ತೊಟ್ಟನ್ನು ಜೋಡಿಸುವಾಗ ಮಧ್ಯವಯಸ್ಸು ದಾಟಿದವರು ಕೈಯನ್ನು ದೂರ ದೂರ ಚಾಚುತ್ತಾರೆ, ಮೊಳ ಕಟ್ಟುವ ವೇಗ ಇಳಿದಿರುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಏಳನೇ ಬ್ಲಾಕಿನಲ್ಲಿ, ನೇತ್ರಧಾಮದಂಥ ದೊಡ್ಡ ಕಣ್ಣಿನ ಆಸ್ಪತ್ರೆಯಿದೆ. ಕಣ್ಣಿನ ಕ್ಲಿನಿಕ್ಕು, ಕನ್ನಡಕದ ಶೋರೂಮು ರಸ್ತೆರಸ್ತೆಗೂ ಇವೆ. ಆದರೂ ಅವರ ಮೂಗಿನ ಮೇಲೆ ಕನ್ನಡಕವಿಲ್ಲ. ಕೂಲಿ ಬಿಟ್ಟು ಹೋಗಬೇಕು, ಒಳಗೆ ಹೋದರೆ ಎಷ್ಟು ಬಿಲ್ಲು ಮಾಡುತ್ತಾರೋ ಎಂಬ ಭಯ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಒಪ್ಪಿಗೆ. ಬಿಟಿಎಂ ದಾಟಿ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಇದೇ ಪಾಡು.

ಇದು ಬರಿಯ ಅನುಕಂಪದ ಮಾತಲ್ಲ ಎಂಬುದಕ್ಕೆ ಈಗ ಗಟ್ಟಿ ಪುರಾವೆಯಿದೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ಎಲೆ ತೂಗಿ ನೋಡಿದ 2018ರ ಅಧ್ಯಯನದಲ್ಲಿ, ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ಕೆಲಸ ಶೇ 21.7ರಷ್ಟು ಹೆಚ್ಚಾಗಿತ್ತು. ಬಾಂಗ್ಲಾದೇಶದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆದಾಯವೇ ಶೇ 33ರಷ್ಟು ಏರಿತ್ತು. ಇಷ್ಟು ಸೋವಿ ವಸ್ತುವಿನಿಂದ ಇಷ್ಟು ಫಲ ಕೊಡುವ ಸೇವೆ ಆರೋಗ್ಯ ಕ್ಷೇತ್ರದಲ್ಲಿ ಬೇರೆ ಎಷ್ಟಿದೆ?

ಇತ್ತ ದಕ್ಷಿಣ ಬೆಂಗಳೂರಿನ ಕ್ರೈಸ್ತ ಸೇವೆಯ ಚಹರೆಯೂ ಬದಲಾಗಿದೆ. 1963ರಲ್ಲಿ ಕ್ಯಾಥೊಲಿಕ್ ಬಿಷಪರ ಒಕ್ಕೂಟ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಬಿಟಿಎಂ ಲೇಔಟಿನ ನೆರೆಯಲ್ಲೇ ಇದೆ. ಓದು ಮುಗಿಸಿದವರು ವೈದ್ಯರಿಲ್ಲದ ಹಳ್ಳಿಗಾಡಿನಲ್ಲಿ ಕೆಲಕಾಲ ದುಡಿಯಬೇಕು ಎಂಬ ನಿಯಮವನ್ನು ಅದು ಇಟ್ಟುಕೊಂಡು ಬಂದಿದೆ. ಪರದೇಶದಿಂದ ವೈದ್ಯರು ಬರುವುದಕ್ಕೆ ಕಾಯದೆ, ಇಲ್ಲಿನವರನ್ನೇ ತಯಾರುಮಾಡಿ ಕಳಿಸುವ ದಾರಿ ಇದು. ಕ್ಲರೇಷಿಯನ್ ಪಾದ್ರಿ ಜಾರ್ಜ್ ಕಣ್ಣಂತಾನಂ ಬೆಂಗಳೂರಿನಲ್ಲಿ 2013ರಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ವಿಷನ್’ ನೇತ್ರದಾನದ ಕಡೆ ಜನರನ್ನು ತಿರುಗಿಸಿತು. ವಿಶ್ವ ದೃಷ್ಟಿ ದಿನದಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಧರ ಕೈಹಿಡಿದು ಸಾವಿರಾರು ಮಂದಿ ನಡೆಯುವ ಅದರ ನಡಿಗೆ ಈ ಊರಿನಿಂದ ಹೊರದೇಶಗಳಿಗೂ ಹೋಯಿತು. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನ ಕನ್ನಡಿಗರಲ್ಲಿ ಎಬ್ಬಿಸಿದ ಅಲೆಯ ಜೊತೆ ಇದೂ ಸೇರಿಕೊಂಡಿತು. ಬದಲಾವಣೆಗೆ ಕಾನೂನಿನ ಒತ್ತಡವೂ ಇದೆ: ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ, ಹೊರಗಿನಿಂದ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನು ನಿಲ್ಲಿಸಿತು. ಸಣ್ಣ ಸಣ್ಣ ಸೇವಾ ಕೇಂದ್ರಗಳಿಗೆ ಇದು ಪೆಟ್ಟು.

ಸೇವೆಯ ಜೊತೆ ಬೋಧನೆ ಸೇರಬೇಕೇ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಹೊರದೇಶಗಳಿಗೆ ಹೋಗುವ ಕೆಲವು ತಂಡಗಳಲ್ಲಿ ಕನ್ನಡಕದ ಮೇಜಿನ ಪಕ್ಕದಲ್ಲೇ ಪ್ರಾರ್ಥನೆಯ ಮೇಜೂ ಇರುತ್ತದೆ. ನಂಬಿಕೆ ಸೇವೆಗೆ ಬಲ ಕೊಡುವುದನ್ನು ನಾನು ಗೌರವಿಸುತ್ತೇನೆ. ಆದರೆ ಕಣ್ಣು ಕಾಣದೆ ಬಂದವರು ಇಲ್ಲ ಅನ್ನಲಾಗದ ಸ್ಥಿತಿಯಲ್ಲಿರುತ್ತಾರೆ. ಕನ್ನಡಕ ಪಡೆದು, ಯಾವ ಮುಲಾಜೂ ಇಲ್ಲದೆ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿರಬೇಕು. ದೇವಸ್ಥಾನದ ಶಿಬಿರಕ್ಕೂ ರಾಜಕೀಯ ಮುಖಂಡರ ಹುಟ್ಟುಹಬ್ಬದ ಶಿಬಿರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಂತ್ರಜ್ಞಾನದಲ್ಲಿ ದಕ್ಷಿಣ ಬೆಂಗಳೂರು ಹಿಂದೆ ಬಿದ್ದಿಲ್ಲ. ಬನಶಂಕರಿಯಲ್ಲಿ ನೆಲೆನಿಂತ ಫೋರಸ್ ಹೆಲ್ತ್ 2010ರಲ್ಲಿ ಹುಟ್ಟಿ, ‘ತ್ರಿನೇತ್ರ’ ಎಂಬ ಸುಲಭವಾಗಿ ಹೊತ್ತೊಯ್ಯಬಹುದಾದ ಉಪಕರಣ ತಂದಿತು. ಪೊರೆ, ಗ್ಲಾಕೋಮ, ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿಯನ್ನು ತಜ್ಞರಿಲ್ಲದ ಕಡೆಯಲ್ಲೂ ಗುರುತಿಸಲು ಇದು ನೆರವು. ಕನ್ನಡಕ ಕೇಳಿಕೊಂಡು ಶಿಬಿರಕ್ಕೆ ಬಂದವರಲ್ಲಿ ಇಂಥ ಕಾಯಿಲೆ ಅಡಗಿರಬಹುದು. ಪವರ್ ನೋಡಿ ಕನ್ನಡಕ ಕೊಟ್ಟು ಕಳಿಸಿದರೆ ಗ್ಲಾಕೋಮ ಸದ್ದಿಲ್ಲದೆ ಬೆಳೆಯುತ್ತದೆ. ದೃಷ್ಟಿ ಮರಳಿಸಲಾಗದವರಿಗೆ ಬೇರೆಯದೇ ದಾರಿ ಬೇಕು. 1969ರಿಂದ ಇರುವ ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಶಾಲೆಯಂಥ ಕಡೆಗೆ ಅವರನ್ನು ಕೈಹಿಡಿದು ದಾಟಿಸುವುದೂ ಶಿಬಿರದ ಕೆಲಸವೇ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಆರಂಭಿಸಿದ ‘ಸ್ಪೆಕ್ಸ್ 2030’ ಕಾರ್ಯಕ್ರಮ ಕನ್ನಡಕವನ್ನೇ ಹೆಸರಿಗಿಟ್ಟುಕೊಂಡು, ಪ್ರತಿ ದೇಶವೂ ಅದನ್ನು ತನ್ನ ಆರೋಗ್ಯ ವ್ಯವಸ್ಥೆಯೊಳಗೆ ತರಲಿ ಎಂದು ಕೇಳುತ್ತಿದೆ. ಅದೇ ವರ್ಷ ಕರ್ನಾಟಕ ಸರ್ಕಾರ ಹಾವೇರಿಯಲ್ಲಿ ‘ಆಶಾಕಿರಣ’ ದೃಷ್ಟಿ ಕೇಂದ್ರಗಳಿಗೆ ಚಾಲನೆ ಕೊಟ್ಟಿತು. ಕಾಯಂ ಕೇಂದ್ರ ಎಂಬುದೇ ಇದರಲ್ಲಿ ನನಗೆ ಮುಖ್ಯವೆನಿಸುವುದು. ದಕ್ಷಿಣ ಬೆಂಗಳೂರಿನಲ್ಲಿ ಶಿಬಿರಕ್ಕೆ ದುಡ್ಡು ಕೂಡಿಸುವ ಚರ್ಚು, ಟ್ರಸ್ಟು, ಕ್ಲಬ್ಬುಗಳು ಒಂದು ವರ್ಷದ ಬ್ಯಾನರ್, ಶಾಮಿಯಾನ, ಊಟದ ಖರ್ಚನ್ನು ಒಟ್ಟುಮಾಡಿ, ವಾರ್ಡಿನ ‘ನಮ್ಮ ಕ್ಲಿನಿಕ್’ನಲ್ಲಿ ವಾರಕ್ಕೊಂದು ದಿನ ಕೂರುವ ಆಪ್ಟೊಮೆಟ್ರಿಸ್ಟ್‌ಗೆ ಸಂಬಳ ಕೊಡಬಹುದು. ಒಂದು ಕಪಾಟಿನಲ್ಲಿ ಹೊಸ ಫ್ರೇಮು, ಮೂಗಿನ ಪ್ಯಾಡು, ಸ್ಕ್ರೂಗಳನ್ನು ಇಡಿಸಬಹುದು. ಹೊರದೇಶದ ಚರ್ಚಿನಲ್ಲಿರುವ ಕನ್ನಡಿಗ ಕುಟುಂಬಗಳು ಊರಿಗೆ ಏನು ಕಳಿಸೋಣ ಎಂದು ಕೇಳಿದಾಗ ಹಳೆಯ ಕನ್ನಡಕದ ಪೆಟ್ಟಿಗೆಯ ಬದಲು ಈ ಕಪಾಟಿನ ಪಟ್ಟಿಯನ್ನೂ ಆ ಸಂಬಳದ ಲೆಕ್ಕವನ್ನೂ ಅವರ ಮುಂದಿಡಿ.