ಕಟ್ಟಿಸಿದ ಹಲ್ಲಿನ ಕಥೆ

ನನಗೆ ಹಳಗನ್ನಡ ವ್ಯಾಕರಣವನ್ನು ಕಲಿಸಿದ ಮೇಷ್ಟರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಒಂದು ವೃದ್ಧಾಶ್ರಮದಲ್ಲಿ ವಾಸ. ಕಳೆದ ವರ್ಷ ಅವರಿಗೆ ಪ್ರಿಯವಾದ ಕೋಡುಬಳೆಯ ಪೊಟ್ಟಣ ಹಿಡಿದು ನೋಡಲು ಹೋದೆ. ಅವರು ಅಂಗವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣಿನಿಂದಲೇ ಕುಶಲ ಕೇಳಿ ಸುಮ್ಮನಾದರು. ನನ್ನ ಮೇಲೆ ಏನೋ ಬೇಸರವಿರಬೇಕೆಂದುಕೊಂಡೆ. ಹೊರಡುವಾಗ ಅಲ್ಲಿಯ ಆಯಾ ಮೆಲ್ಲಗೆ ಹೇಳಿದರು: “ತಾತನ ಹಲ್ಲಿನ ಸೆಟ್ಟು ಕಳೆದು ಹದಿನೈದು ದಿನ ಆಯ್ತು ಸಾರ್. ಕರ್ಚೀಫಿನಲ್ಲಿ ಸುತ್ತಿ ದಿಂಬಿನಡಿ ಇಟ್ಟಿದ್ರು. ಒಗೆಯೋ ಬಟ್ಟೆ ಜೊತೆ ಹೋಗ್ಬಿಟ್ಟಿದೆ.”

ತವರ್ಗವೂ ಲಕಾರ ಸಕಾರಗಳೂ ದಂತ್ಯಗಳು. ನಾಲಗೆಯ ತುದಿ ಹಲ್ಲಿನ ಆಸರೆ ಪಡೆಯದೆ ಅವು ಹುಟ್ಟವು ಎಂದು ಕಪ್ಪುಹಲಗೆಯ ಮೇಲೆ ಬಾಯಿಯ ಚಿತ್ರ ಬರೆದು ತೋರಿಸಿದ ಗುರುಗಳು, ಆ ಅಕ್ಷರಗಳು ಶಿಷ್ಯನೆದುರಿಗೆ ತಪ್ಪಿಯಾವೆಂದು ನಾಚಿ ಮೌನ ಹಿಡಿದಿದ್ದರು.

ಅಂದಿನಿಂದ ನಾನು ಈ ಕಟ್ಟಿಸಿದ ಹಲ್ಲಿನ ಪೂರ್ವಕಥೆಯನ್ನು ಹುಡುಕತೊಡಗಿದೆ. ಇಟಲಿಯ ಎಟ್ರುಸ್ಕನ್ನರು ಸುಮಾರು 2,600 ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಿಂದ ಹಲ್ಲುಗಳನ್ನು ಬಿಗಿಯುತ್ತಿದ್ದರು. ಆದರೆ ಇಡೀ ದಂತಪಂಕ್ತಿಯ ಪ್ರಾಚೀನ ಮಾದರಿಯೊಂದನ್ನು ಕಾಣಲು ಜಪಾನಿಗೆ ಹೋಗಬೇಕು. ವಕಯಾಮಾ ಪ್ರಾಂತದಲ್ಲಿ 1538ರಲ್ಲಿ ತೀರಿಕೊಂಡ, ಹೊತೊಕೆಹಿಮೆ ಎಂದು ಹೆಸರಾದ ಬೌದ್ಧ ಭಿಕ್ಷುಣಿಯ ಮರದ ಹಲ್ಲುಕಟ್ಟು ಇಂದಿಗೂ ಉಳಿದಿದೆ. ಅಲ್ಲಿಯ ಕುಶಲಿಗಳು ಜೇನುಮೇಣದಲ್ಲಿ ವಸಡಿನ ಅಚ್ಚು ತೆಗೆದು, ತ್ಸುಗೆ ಎಂಬ ನುಣುಪಾದ ಗಟ್ಟಿಮರವನ್ನು ಅದಕ್ಕೆ ತಕ್ಕಂತೆ ಕೆತ್ತುತ್ತಿದ್ದರು. ಮರವು ಅಂಗುಳಿಗೆ ಎಷ್ಟು ಒಪ್ಪವಾಗಿ ಕೂಡುತ್ತಿತ್ತೆಂದರೆ ಬೇರೆ ಆಧಾರವೇ ಬೇಕಿರಲಿಲ್ಲ.

ಯೂರೋಪು ಅಮೆರಿಕಗಳಲ್ಲಿ ಆ ಒಪ್ಪ ಬಹುಕಾಲ ಸಿದ್ಧಿಸಲಿಲ್ಲ. 1789ರಲ್ಲಿ ಅಮೆರಿಕದ ಪ್ರಥಮ ಅಧ್ಯಕ್ಷರಾಗಿ ಪ್ರಮಾಣ ಮಾಡಿದಾಗ ಜಾರ್ಜ್ ವಾಷಿಂಗ್ಟನ್ನರಿಗೆ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರದು ಮರದ ಹಲ್ಲೆಂಬ ಮಾತು ದಂತಕಥೆ, ಎರಡೂ ಅರ್ಥದಲ್ಲಿ! ನೀರಾನೆಯ ಕೋರೆ, ಮನುಷ್ಯರ ಹಲ್ಲು, ಲೋಹದ ಸ್ಪ್ರಿಂಗು, ಇವೇ ಅದರ ಸಾಮಗ್ರಿ. 1815ರ ವಾಟರ್ಲೂ ಕದನದ ಬಳಿಕ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲುಗಳು ಸಿರಿವಂತರ ಬಾಯಿ ಸೇರಿದವು.

ದಂತಕ್ಕೆ ಒಂದು ದೋಷವಿತ್ತು. ಅದು ಎಂಜಲನ್ನು ಹೀರಿ ಕೊಳೆಯುತ್ತಿತ್ತು. ಅಲೆಕ್ಸಿ ದುಶಾತೊ ಎಂಬ ಫ್ರೆಂಚ್ ಔಷಧಿಕಾರನಿಗೆ ತನ್ನ ಹಲ್ಲಿನ ದುರ್ನಾತವೇ ಅಸಹ್ಯವಾಗಿ, 1774ರ ಸುಮಾರಿಗೆ ಪಿಂಗಾಣಿಯ ಹಲ್ಲಿನ ಪ್ರಯತ್ನಕ್ಕೆ ತೊಡಗಿದನು. ಹತ್ತೊಂಬತ್ತನೆಯ ಶತಮಾನದ ನಡುವೆ ಬಂದ ಗಟ್ಟಿ ರಬ್ಬರು ಹಲ್ಲುಕಟ್ಟನ್ನು ಸಾಮಾನ್ಯರ ಕೈಗೆಟುಕಿಸಿತು; 1930ರ ದಶಕದ ಕೊನೆಯಿಂದ ಅಕ್ರಿಲಿಕ್ ಅದರ ಸ್ಥಾನಕ್ಕೆ ಬಂದಿತು.

ಇಲ್ಲಿಗೆ ಸಮಸ್ಯೆ ಮುಗಿಯಿತೆಂದು ನಾವು ನಂಬಿದ್ದೇವೆ. ಮುಗಿದಿಲ್ಲ. ಹಲ್ಲನ್ನು ಮಾಡುವ ವಿದ್ಯೆ ಬೆಳೆಯಿತು. ಕೈ ನಡುಗುವ ಮುದುಕರ ಹಲ್ಲನ್ನು ತೊಳೆಯುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೂ ಉತ್ತರ ಹುಡುಕಿದವರು ಜಪಾನೀಯರೇ. ಅಲ್ಲಿಯ 11 ವೃದ್ಧ ಶುಶ್ರೂಷಾಲಯಗಳಲ್ಲಿ ಎರಡು ವರ್ಷ ನಡೆಸಿದ ಪರಿಶೀಲನೆ 1999ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ಅನಂತರ ಶುಶ್ರೂಷಕರು ಬಾಯಿ ಶುಚಿಮಾಡಿದ ವೃದ್ಧರಲ್ಲಿ ನ್ಯುಮೋನಿಯ ಕಂಡದ್ದು ನೂರಕ್ಕೆ 11 ಮಂದಿಗೆ. ಹಾಗೆ ಮಾಡದವರಲ್ಲಿ 19 ಮಂದಿಗೆ. ಹಲ್ಲಿದ್ದವರಿಗೂ ಇಲ್ಲದವರಿಗೂ ಇದರಿಂದ ಉಪಕಾರವಾಯಿತು. 85 ವರ್ಷ ದಾಟಿದ 524 ಮಂದಿಯನ್ನು ಕುರಿತ 2015ರ ಇನ್ನೊಂದು ವರದಿಯಂತೆ, ಹಲ್ಲುಕಟ್ಟನ್ನು ಧರಿಸಿಯೇ ಮಲಗುವವರಿಗೆ ನ್ಯುಮೋನಿಯದ ಅಪಾಯ ಎರಡು ಪಟ್ಟಿಗೂ ಹೆಚ್ಚು. ಕಾರಣ ಗಹನವಾದುದಲ್ಲ. ಹಲ್ಲಿಗಂಟಿದ ಲೋಳೆಯಲ್ಲಿ ಸೂಕ್ಷ್ಮಜೀವಿಗಳು ಮನೆಮಾಡುತ್ತವೆ. ನಿದ್ದೆಯಲ್ಲಿ ಎಂಜಲಿನೊಡನೆ ಶ್ವಾಸಕೋಶಕ್ಕೆ ಇಳಿಯುತ್ತವೆ.

ಮಾಡಬೇಕಾದುದಾದರೂ ಎಷ್ಟು? ರಾತ್ರಿ ಹಲ್ಲುಕಟ್ಟನ್ನು ತೆಗೆಯಬೇಕು. ಕೈಜಾರಿ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿಯಿಟ್ಟು, ಮೃದುವಾದ ಬ್ರಷ್ಷಿನಿಂದ ಸಾಬೂನು ಹಾಕಿ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಹಲ್ಲಿನ ಪೇಸ್ಟು ಬೇಡ, ಅದು ಗೀರುಬೀಳಿಸುತ್ತದೆ. ಬಿಸಿನೀರು ಬೇಡ, ಅಕ್ರಿಲಿಕ್ ಸೊಟ್ಟಗಾದೀತು. ತಣ್ಣೀರಿನಲ್ಲಿ ನೆನೆಯಿಡಬೇಕು. ವಸಡು, ನಾಲಗೆ, ಅಂಗುಳನ್ನೂ ಒರೆಸಬೇಕು. ಹಲವರು ಕೂಡಿ ಬಾಳುವಲ್ಲಿ ಪ್ರತಿಯೊಬ್ಬರ ಹಲ್ಲುಕಟ್ಟಿನ ಮೇಲೂ ಹೆಸರಿರಬೇಕು.

ನಮ್ಮ ಮೇಷ್ಟರಿಗೆ ಹೊಸ ಹಲ್ಲು ಬಂದಿತು. ದವಡೆಯ ಮೂಳೆ ಸವೆದಿದ್ದರಿಂದ ವೈದ್ಯರು ಮತ್ತೆಮತ್ತೆ ಅಳತೆ ತೆಗೆಯಬೇಕಾಯಿತು. ಒಳಬದಿಯಲ್ಲಿ ಅವರ ಹೆಸರು ಬರೆಸಿದ್ದೇವೆ. ಮಾತು ಮರಳಿದೆ, ಮೊದಲಿನಷ್ಟಲ್ಲ. ಸಕಾರ ಇನ್ನೂ ಸಿಳ್ಳಾಗುತ್ತದೆ. ಅದನ್ನು ಅವರೇ ಮೊದಲು ಗುರುತಿಸಿ ನಗುತ್ತಾರೆ. ದಿನವೂ ರಾತ್ರಿ ಆ ಹಲ್ಲನ್ನು ತೊಳೆದಿಡುವವರು ಅದೇ ಆಯಾ. ಹಲ್ಲನ್ನು ಕಂಡುಹಿಡಿದವರ ಹೆಸರು ಚರಿತ್ರೆಯಲ್ಲಿದೆ. ತೊಳೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ವಿಧಿಯ ಮೇಲೆ ಹೊರಿಸಿ ಸುಮ್ಮನಾಗುತ್ತೇವೆ. ಹಿರಿಯರನ್ನು ನೋಡಹೋಗುವಾಗ ಸೇಬು, ಬಿಸ್ಕತ್ತು ಒಯ್ಯುವುದು ನಮ್ಮ ರೂಢಿ. ಮುಂದಿನ ಸಲ ಒಂದು ಮುಚ್ಚಳವಿರುವ ಡಬ್ಬಿಯನ್ನೂ ಒಂದು ಮೃದುವಾದ ಬ್ರಷ್ಷನ್ನೂ ಒಯ್ಯಿರಿ. ಅವರು ಮಾತನಾಡದಿದ್ದರೆ ಮುನಿಸೆಂದು ತಿಳಿಯುವ ಮೊದಲು, ನಾನು ಕೇಳದೆ ಹೋದ ಪ್ರಶ್ನೆಯನ್ನು ಕೇಳಿರಿ: ಹಲ್ಲೆಲ್ಲಿ?