ಹಡೀಲು ನೆಲ, ಹಾಡಿನ ನೆನಪು

ನಾನಿರುವ ಪಡೀಲಿನ ಹೆಸರಿಗೆ ತುಳುವಿನಲ್ಲಿ ಒಂದು ಅರ್ಥವಿದೆ. ಪಡೀಲ್ ಎಂದರೆ ಬೇಸಾಯ ಬಿಟ್ಟ ನೆಲ. ಕರಾವಳಿಯ ಕನ್ನಡದಲ್ಲಿ ಅದೇ ಹಡೀಲು. ಹಳಗನ್ನಡದ ಪಕಾರ ಕನ್ನಡದಲ್ಲಿ ಮುಂದೆ ಹಕಾರವಾಯಿತು, ತುಳು ಅದನ್ನು ಹಾಗೆಯೇ ಉಳಿಸಿಕೊಂಡಿತು. ಇವತ್ತು ಪಡೀಲಿನಲ್ಲಿ ಹಡೀಲು ಬಿದ್ದದ್ದು ಏನೂ ಕಾಣುವುದಿಲ್ಲ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇಲ್ಲಿದೆ, ಹೆದ್ದಾರಿ ಇಲ್ಲಿದೆ, ಜಿಲ್ಲಾಧಿಕಾರಿಗಳ ಹೊಸ ಕಚೇರಿಯೂ 2025ರಿಂದ ಇಲ್ಲೇ ಇದೆ. ಆದರೂ ಈ ಪದ ಚರಿತ್ರೆ ಓದುವವರನ್ನು ಸುಮ್ಮನೆ ಬಿಡುವುದಿಲ್ಲ. ಹಡೀಲು ಎಂದು ಹೇಳುವವರು ಯಾರು? ಅಲ್ಲಿ ದನ ಮೇಯಿಸಿದವರಿಗೆ, ಸೊಪ್ಪು ಕೊಯ್ದವರಿಗೆ, ಗೆಡ್ಡೆ ಅಗೆದವರಿಗೆ ಅದು ಬರಿಯ ಬೀಳು ಭೂಮಿಯಾಗಿತ್ತೇ?

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅನೇಕ ಕಡೆ ಈ ಪ್ರಶ್ನೆ ಎದ್ದಿತು. ಅದು ಅತ್ಯಂತ ಸ್ಪಷ್ಟವಾಗಿ ಎದ್ದ ಜಾಗಗಳಲ್ಲಿ ನ್ಯೂಜಿಲೆಂಡ್ ಒಂದು. ಆ ದೇಶದ ಉತ್ತರದ ಕರಾವಳಿ, ಬೇ ಆಫ್ ಐಲೆಂಡ್ಸ್, ಇವತ್ತು ಪ್ರವಾಸಿಗರ ಸ್ವರ್ಗ. ಅಲ್ಲಿನ ವೈತಾಂಗಿಯಲ್ಲಿ 1840ರ ಫೆಬ್ರವರಿ 6ರಂದು ಮಾವೊರಿ ಮುಖ್ಯಸ್ಥರೂ ಬ್ರಿಟಿಷ್ ರಾಣಿಯ ಪ್ರತಿನಿಧಿಯೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಪ್ಪಂದಕ್ಕೆ ಎರಡು ಪಾಠಗಳಿದ್ದವು. ಇಂಗ್ಲಿಷ್ ಪಾಠದ ಪ್ರಕಾರ ಮುಖ್ಯಸ್ಥರು ಸಾರ್ವಭೌಮತ್ವವನ್ನೇ ಬಿಟ್ಟುಕೊಟ್ಟರು. ಮಾವೊರಿ ಪಾಠದ ಪ್ರಕಾರ ಅವರು ಕೊಟ್ಟದ್ದು 'ಕಾವಾನತಾಂಗ', ಅಂದರೆ ಆಡಳಿತ ನಡೆಸುವ ಅವಕಾಶ ಮಾತ್ರ. ತಮ್ಮ ನೆಲ, ಊರು, ಸೊತ್ತಿನ ಮೇಲಿನ ಅಧಿಕಾರ ತಮ್ಮಲ್ಲೇ ಉಳಿಯಿತು. ಸಹಿ ಹಾಕಿದವರಲ್ಲಿ ಬಹುಪಾಲು ಜನ ಹಾಕಿದ್ದು ಮಾವೊರಿ ಪಾಠಕ್ಕೆ. ಏಳು ವರ್ಷ ಕಳೆಯುವುದರೊಳಗೆ, 1846ರಲ್ಲಿ, ಲಂಡನ್ನಿನ ವಸಾಹತು ಮಂತ್ರಿ ಅರ್ಲ್ ಗ್ರೇ, ಮಾವೊರಿಗಳು ಉಳುಮೆ ಮಾಡದ ನೆಲವೆಲ್ಲ ರಾಣಿಯದ್ದು ಎಂಬ ಅರ್ಥದ ಸೂಚನೆ ಕಳಿಸಿದ. ಹಡೀಲು ಎಂದರೆ ಸರ್ಕಾರಿ ಎಂಬ ತರ್ಕ.

ಅದೇ ಉತ್ತರ ತೀರಕ್ಕೆ ನಮ್ಮ ಕಡೆಯ ಒಂದು ವಸ್ತು ಅದಕ್ಕೂ ಮೊದಲೇ ತಲುಪಿತ್ತು. 1836ರ ಸುಮಾರಿಗೆ ಮಿಷನರಿ ವಿಲಿಯಂ ಕೊಲೆನ್ಸೊ ಅಲ್ಲಿನ ಮಾವೊರಿ ಹೆಂಗಸರು ಕಂಚಿನ ಪಾತ್ರೆಯೊಂದರಲ್ಲಿ ಆಲೂಗಡ್ಡೆ ಬೇಯಿಸುವುದನ್ನು ಕಂಡ. ಅದು ಪಾತ್ರೆಯಲ್ಲ, ಅಂಚು ಒಡೆದ ಹಡಗಿನ ಗಂಟೆ. ಅದರ ಮೇಲೆ ತಮಿಳು ಅಕ್ಷರಗಳಲ್ಲಿ ಅದು ಮೊಹಿದ್ದೀನ್ ಬಕ್ಷನ ಹಡಗಿನ ಗಂಟೆ ಎಂದು ಬರೆದಿದೆ. ಈಗ ಅದು ವೆಲ್ಲಿಂಗ್ಟನ್ನಿನ ತೆ ಪಾಪಾ ಸಂಗ್ರಹಾಲಯದಲ್ಲಿದೆ. ಅದು ಅಲ್ಲಿಗೆ ಹೇಗೆ ಹೋಯಿತೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಹಡಗಿನ ಹೆಸರು ಬರವಣಿಗೆಯಲ್ಲಿ ಉಳಿದಿದೆ, ಪಯಣದ ಕಥೆ ಉಳಿದಿಲ್ಲ. ಬರವಣಿಗೆ ಇದ್ದರೆ ಚರಿತ್ರೆ ಇದ್ದಂತೆ ಎಂದು ನಂಬುವವರು ಈ ಗಂಟೆಯನ್ನು ಒಮ್ಮೆ ನೆನೆಯಬೇಕು.

ಮಾವೊರಿಗಳ ಚರಿತ್ರೆ ಇದ್ದದ್ದು 'ಫಕಪಪ'ದಲ್ಲಿ. ಅದು ವಂಶಾವಳಿಯ ಪಠಣ. ಯಾವ ದೋಣಿಯಲ್ಲಿ ಹಿರಿಯರು ಬಂದರು, ಯಾವ ಬೆಟ್ಟ ತಮ್ಮದು, ಯಾವ ನದಿ ತಮ್ಮದು ಎಂಬುದನ್ನು ಬಾಯಿಪಾಠವಾಗಿ ಹೇಳುವ ಕ್ರಮ. 1975ರಲ್ಲಿ ನ್ಯೂಜಿಲೆಂಡ್ ಸರ್ಕಾರ ವೈತಾಂಗಿ ನ್ಯಾಯಮಂಡಳಿ ಸ್ಥಾಪಿಸಿತು. 1985ರಲ್ಲಿ 1840ರಿಂದ ಈಚಿನ ಅನ್ಯಾಯಗಳನ್ನೆಲ್ಲ ವಿಚಾರಿಸುವ ಅಧಿಕಾರ ಅದಕ್ಕೆ ಸಿಕ್ಕಿತು. ಮಂಡಳಿ ಮಾವೊರಿಗಳ ಸಭಾಮನೆಗಳಿಗೇ ಹೋಗಿ ಕುಳಿತು ಹಿರಿಯರು ಹೇಳಿದ್ದನ್ನೂ ಹಾಡಿದ್ದನ್ನೂ ಸಾಕ್ಷ್ಯವಾಗಿ ಬರೆದುಕೊಂಡಿತು. 2014ರಲ್ಲಿ ಉತ್ತರ ಕರಾವಳಿಯ ಕುರಿತ ವರದಿ ಬಂತು: 1840ರ ಫೆಬ್ರವರಿಯಲ್ಲಿ ಸಹಿ ಹಾಕಿದ ಅಲ್ಲಿನ ಮುಖ್ಯಸ್ಥರು ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲ. ಮಂಡಳಿಯ ಮಾತು ಹೆಚ್ಚಿನಂಶ ಶಿಫಾರಸು ಮಾತ್ರ, ಸರ್ಕಾರ ಅದನ್ನು ಒಪ್ಪಲೇಬೇಕೆಂದಿಲ್ಲ. ಅಲ್ಲಿ ಎಲ್ಲ ಸರಿಹೋಗಿದೆ ಎಂದು ನಾನು ಹೇಳುತ್ತಿಲ್ಲ. ಬಾಯಿಮಾತು ಅಲ್ಲಿ ಸಾಕ್ಷಿಕಟ್ಟೆ ಹತ್ತಿತು ಎಂಬುದಷ್ಟೇ ನನ್ನ ಮಾತು.

ಈಗ ನಮ್ಮ ಉತ್ತರದ ಕರಾವಳಿಗೆ ಬರೋಣ. ಪಡೀಲಿನ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುರತ್ಕಲ್, ಉಡುಪಿ, ಕುಂದಾಪುರ, ಭಟ್ಕಳ ದಾಟಿ ಹೊನ್ನಾವರದಲ್ಲಿ ಶರಾವತಿ ಸಿಗುತ್ತದೆ. ಅಲ್ಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಮುಂದೆ ಕುಮಟೆ, ಅಘನಾಶಿನಿ, ಗೋಕರ್ಣ ರೋಡ್, ಗಂಗಾವಳಿ, ಅಂಕೋಲೆ, ಕೊನೆಗೆ ಕಾಳಿ ನದಿಯ ಕಾರವಾರ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಕಿಟಕಿಯ ಸೀಟು ಸಿಕ್ಕವರು ಪುಣ್ಯವಂತರು. ನಾನು ಹಲವು ಸಲ ಈ ದಾರಿಯಲ್ಲಿ ಹೋಗಿ ಬಂದಿದ್ದೇನೆ, ಕೆನರಾ ಜಿಲ್ಲೆಯ ಭೂದಾಖಲೆಗಳು ನನ್ನ ಸಂಶೋಧನೆಯ ವಿಷಯವಾದ್ದರಿಂದ.

ಇದೇ ದಾರಿಯಲ್ಲಿ 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಹೋಗಿದ್ದ. ಟಿಪ್ಪು 1799ರಲ್ಲಿ ಮಡಿದ ಮೇಲೆ ಕೆನರಾ ಕಂಪನಿಯ ಕೈಗೆ ಬಂದಿತ್ತು. ಥಾಮಸ್ ಮನ್ರೊ ಅದರ ಮೊದಲ ಕಲೆಕ್ಟರ್ ಆಗಿದ್ದ. ಮನ್ರೊ ಭೂಮಾಲೀಕರ ಹಳೆಯ ಪತ್ರಗಳನ್ನು ನೋಡಿ, ಇಲ್ಲಿ ಭೂಮಿ ಖಾಸಗಿ ಸ್ವತ್ತು ಎಂಬ ತೀರ್ಮಾನಕ್ಕೆ ಬಂದ. ಬುಕಾನನ್ ಬೆಳೆ, ಗೇಣಿ, ಉಪ್ಪು, ಜಾತಿಗಳ ವಿವರ ಬರೆದುಕೊಂಡ. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಇಬ್ಬರಿಗೂ ಹೆಚ್ಚಾಗಿ ಮಾಹಿತಿ ಕೊಟ್ಟವರು ಓದುಬರಹ ಬಲ್ಲವರು, ಕಾಗದ ಇದ್ದವರು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ ಹಾಗೇ ನಡೆಯಿತು. ಹೀಗಾಗಿ ಒಂದೇ ಕಡಲತೀರದ ಕಾಗದಪತ್ರ ಹುಡುಕಲು ನನ್ನಂಥವರು ಚೆನ್ನೈಗೂ ಹೋಗಬೇಕು, ಮುಂಬಯಿಗೂ ಹೋಗಬೇಕು.

ಎರಡೂ ಕಡೆ ಎಷ್ಟು ಹುಡುಕಿದರೂ ತಮ್ಮ ದನಿಯಲ್ಲಿ ಸಿಗದವರೆಂದರೆ ಹಾಲಕ್ಕಿ ಒಕ್ಕಲಿಗರು. ಹೊನ್ನಾವರದಿಂದ ಕಾರವಾರದವರೆಗೆ, ಗುಡ್ಡಕ್ಕೂ ಗದ್ದೆಗೂ ನಡುವೆ, 'ಕೊಪ್ಪ'ಗಳಲ್ಲಿ ಬದುಕುವ ಜನ. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆಗೆ ಬುದ್ಧಿವಂತ, ಸುದ್ದಿ ಮುಟ್ಟಿಸಲು ಕೋಲಕಾರ. ತಮ್ಮ ತಂಟೆ ತಕರಾರು ತಾವೇ ತೀರಿಸಿಕೊಳ್ಳುವ ವ್ಯವಸ್ಥೆ. ಪಾರ್ವತಿ ಹಾಲು ಮತ್ತು ಅಕ್ಕಿಯಿಂದ ಗೊಂಬೆ ಮಾಡಿದಳು, ಶಿವ ಜೀವ ಕೊಟ್ಟ, ಹೀಗೆ ಹಾಲಕ್ಕಿಗಳು ಹುಟ್ಟಿದರು ಎಂಬುದು ಅವರ ಐತಿಹ್ಯ. 1883ರ ಮುಂಬಯಿ ಗ್ಯಾಜೆಟಿಯರಿನ ಕೆನರಾ ಸಂಪುಟದಲ್ಲಿ ಅವರ ಉಡುಗೆ, ಊಟ, ಮನೆ, ಮದುವೆಗಳ ವರ್ಣನೆಯಿದೆ. ಅವರು ಉಳುತ್ತಿದ್ದ ನೆಲದ ಜೊತೆ ಅವರಿಗಿದ್ದ ಸಂಬಂಧವೇನು ಎಂಬುದಕ್ಕೆ ಮಾತ್ರ ಅಲ್ಲಿ ಅವರ ಮಾತಿಲ್ಲ. ಕಾಗದದ ಮೇಲೆ ಅವರು ಬಹುಪಾಲು ಗೇಣಿದಾರರು ಇಲ್ಲವೇ ಕೂಲಿಗಳು. ಮೂಲಗೇಣಿಯಾದರೆ ಒಕ್ಕಲು ಕಾಯಂ. ಚಾಲಗೇಣಿಯಾದರೆ ಒಡೆಯ ಏಳು ಅಂದಾಗ ಏಳಬೇಕು. 1878ರ ಅರಣ್ಯ ಕಾಯ್ದೆಯ ನಂತರ ಗುಡ್ಡದ ಕಡೆಗೂ ಗೆರೆ ಬಿತ್ತು.

ಅಘನಾಶಿನಿಯ ಅಳಿವೆಯಲ್ಲಿ ಈ ಕಾಗದ ಮತ್ತು ಬದುಕಿನ ಅಂತರ ಕಣ್ಣಿಗೆ ಕಾಣುತ್ತದೆ. ಅಲ್ಲಿ ಗಜನಿ ಭೂಮಿಯಿದೆ: ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ ತಗ್ಗು ನೆಲ. ಹೊರಗಿನಿಂದ ಬಂದ ಅಧಿಕಾರಿಗೆ ಅದು ಕೆಸರು, ಹಡೀಲು. ಆದರೆ ಅಲ್ಲಿ ಹಾಲಕ್ಕಿಗಳೂ ನೆರೆಯ ಸಮುದಾಯದವರೂ ಕಗ್ಗ ಎಂಬ ಭತ್ತ ಬೆಳೆಯುತ್ತ ಬಂದಿದ್ದಾರೆ. ಉಪ್ಪುನೀರಿಗೆ ಜಗ್ಗದ ತಳಿ ಅದು. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಹೊತ್ತು ನೋಡಿ ಮೊಳಕೆ ಬಂದ ಬೀಜ ಚೆಲ್ಲಬೇಕು. ಬೆಳೆ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಯಾವ ತಿಥಿಯ ಉಬ್ಬರಕ್ಕೆ ಕಟ್ಟಿನ ಜಂತ್ರಡಿ ಹಲಗೆ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಸರ್ಕಾರ ಗಟ್ಟಿ ಒಡ್ಡು ಕಟ್ಟಿತು, ಬಳಿಕ ಸಿಗಡಿ ಕೃಷಿಯ ಹಣ ಬಂತು, ಕಗ್ಗ ಹಿಂದೆ ಸರಿಯಿತು. ಈ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ನೆಲದ ಮಹತ್ವವನ್ನು ಜಗತ್ತು ಒಪ್ಪಿದೆ. ಅದನ್ನು ಕಾಯ್ದ ತಿಳಿವಳಿಕೆ ಯಾರದ್ದು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಈ ಕರಾವಳಿಯ ಚರಿತ್ರೆ ಎಂದಾಗ ನಾವು ಕಲಿತದ್ದೇನು? 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ನಡೆದ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ. ಅವು ದೊಡ್ಡ ಸಂಗತಿಗಳೇ. ಆದರೆ ಕರ ನಿರಾಕರಿಸಲು ಕರ ಕಟ್ಟುವ ಭೂಮಿ ಹೆಸರಿನಲ್ಲಿರಬೇಕು. ಅದಿಲ್ಲದ ಗೇಣಿದಾರರ ಮಾತು ಮುನ್ನೆಲೆಗೆ ಬಂದದ್ದು ದಿನಕರ ದೇಸಾಯಿಯವರ ರೈತ ಚಳವಳಿಯಲ್ಲಿ. ಅದಕ್ಕಾಗಿ 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಚುಟುಕು ಬ್ರಹ್ಮನೆಂದು ನಾವು ನೆನೆಯುವ ದೇಸಾಯಿಯವರ ಈ ಮುಖ ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣುವುದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕೆಲವು ಹಾಲಕ್ಕಿ ಮನೆಗಳಿಗೆ ಮೊದಲ ಬಾರಿ ಪಹಣಿಯಲ್ಲಿ ಹೆಸರು ತಂದಿತು. ಹೆಚ್ಚು ಕಾಲ ಕಳೆಯಲಿಲ್ಲ, 1986ರ ಅಕ್ಟೋಬರ್‌ನಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆ ತಾಲೂಕುಗಳ ತೀರದ ಸಾವಿರಾರು ಕುಟುಂಬಗಳು ಎದ್ದು ಹೋದವು, ಹಾಲಕ್ಕಿಗಳೂ ಅವರಲ್ಲಿದ್ದರು. ಪರಿಹಾರ ಸಿಗುವುದು ಕಾಗದ ಇದ್ದ ನೆಲಕ್ಕೆ. ಸೊಪ್ಪಿನ ಗುಡ್ಡಕ್ಕೆ, ಚಿಪ್ಪು ಆಯುವ ದಂಡೆಗೆ, ದೈವದ ಮರಕ್ಕೆ ಲೆಕ್ಕ ಹಾಕುವುದು ಹೇಗೆ?

ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಲವು ದಶಕಗಳದ್ದು. ಸಂವಿಧಾನದ 342ನೆಯ ವಿಧಿಯ ಪ್ರಕಾರ ಇದು ಕೇಂದ್ರದ ಕೈಯಲ್ಲಿದೆ. ರಾಜ್ಯ ಶಿಫಾರಸು ಮಾಡಬೇಕು, ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು, ಆಮೇಲೆ ಸಂಸತ್ತು. ಇದೇ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಅದು ಸಿಕ್ಕಿತು. ಹಾಲಕ್ಕಿಗಳಿಗೆ ಸಿಕ್ಕಿಲ್ಲ. ಅಳೆಯುವ ಕೋಲು 1965ರ ಲೋಕೂರ್ ಸಮಿತಿಯದ್ದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ದೂರವಿರುವುದು, ಹೊರಗಿನವರೊಡನೆ ಬೆರೆಯಲು ಅಂಜಿಕೆ, ಹಿಂದುಳಿದಿರುವಿಕೆ. ಮೂರನೆಯದ್ದನ್ನೇ ನೋಡಿ. ಹೆದ್ದಾರಿ ಅವರ ಕೊಪ್ಪದ ಪಕ್ಕದಲ್ಲೇ ಹಾದುಹೋಯಿತು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಅವರ ಗದ್ದೆ ಸೀಳಿಕೊಂಡು ಹೋಯಿತು. ದೂರ ಇದ್ದವರ ಹತ್ತಿರಕ್ಕೆ ನಾವೇ ಹೋಗಿ, ಈಗ ನೀವು ದೂರವಿಲ್ಲ ಎನ್ನುವುದು ಯಾವ ನ್ಯಾಯ? ಈ ಕೋಲು ಜನ ಇವತ್ತು ಹೇಗೆ ಕಾಣುತ್ತಾರೆ ಎಂದು ಅಳೆಯುತ್ತದೆ. ಅವರು ಏನನ್ನು ಕಳೆದುಕೊಂಡರು, ಹೇಗೆ ಕಳೆದುಕೊಂಡರು ಎಂದು ಕೇಳುವುದಿಲ್ಲ. ವೈತಾಂಗಿ ಮಂಡಳಿ ಕೇಳುವುದು ಎರಡನೆಯದ್ದನ್ನು. ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ. ಒಂದು ಚರಿತ್ರೆಯ ಪ್ರಶ್ನೆ, ಇನ್ನೊಂದು ಪ್ರದರ್ಶನದ ಪ್ರಶ್ನೆ. ಹಾಲಕ್ಕಿ ಹೆಂಗಸರ ಕೊರಳ ಕರಿಮಣಿ ಸರಗಳ ಫೋಟೊ ಎಲ್ಲೆಡೆ ಸಿಗುತ್ತದೆ. ಅವರ ಗೇಣಿಯ ಕಥೆ ಎಲ್ಲೂ ಸಿಗುವುದಿಲ್ಲ.

ಹಾಗಾದರೆ ಅವರ ಸಾಕ್ಷ್ಯ ಎಲ್ಲಿದೆ? ಹಾಡಿನಲ್ಲಿದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ಎಲ್ಲರ ಸುಕ್ರಜ್ಜಿ, ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಸಾರಾಯಿ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಮೊದಲು ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬದುಕಿಡೀ ಸಸಿ ಬೆಳೆಸಿ, ಯಾವ ಮರದ ಬೀಜ ಯಾವಾಗ ಆಯಬೇಕೆಂದು ಬಲ್ಲವರು, ಅವರಿಗೂ ಪದ್ಮಶ್ರೀ ಬಂದಿತ್ತು. ಸುಕ್ರಜ್ಜಿ ಪಂಗಡದ ಬೇಡಿಕೆಯನ್ನು ಕೊನೆಯವರೆಗೂ ಹೇಳುತ್ತಲೇ ಇದ್ದರು. ಇಬ್ಬರಿಗೂ ಪ್ರಶಸ್ತಿ ಕೊಟ್ಟ ಸರ್ಕಾರವೇ ಅವರ ಜನರ ಅರ್ಜಿಯನ್ನು ಬಾಕಿ ಇಟ್ಟಿದೆ.

ನಮ್ಮ ವಿಶ್ವವಿದ್ಯಾಲಯಗಳ ತಪ್ಪೂ ಇದರಲ್ಲಿದೆ. ಹಾಲಕ್ಕಿ ಹಾಡುಗಳನ್ನು ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿ, ಎಲ್.ಆರ್. ಹೆಗಡೆಯವರಂಥ ವಿದ್ವಾಂಸರು ಊರೂರು ತಿರುಗಿ ಸಂಗ್ರಹಿಸಿದರು. ಆ ಪುಸ್ತಕಗಳು ಗ್ರಂಥಾಲಯದಲ್ಲಿ ಜಾನಪದದ ಕಪಾಟಿನಲ್ಲಿವೆ. ಗ್ಯಾಜೆಟಿಯರ್ ಚರಿತ್ರೆಯ ಕಪಾಟಿನಲ್ಲಿದೆ. ಕಲೆಕ್ಟರನ ಗುಮಾಸ್ತ ಬರೆದದ್ದು ಆಧಾರ, ಒಕ್ಕಲು ಹಾಡಿದ್ದು ಕಲೆ. ಹಾಡನ್ನು ಹಾಗೇ ನಂಬಬೇಕೆಂದು ನಾನು ಹೇಳುವುದಿಲ್ಲ. ಹಾಡು ಬೆಳೆಯುತ್ತದೆ, ಮರೆಯುತ್ತದೆ, ಮೇಲುಕೀಳು ಮಾಡುತ್ತದೆ. ಗುಮಾಸ್ತನ ಬರಹವೂ ಹಾಗೇ ಮಾಡುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಒಂದೇ ಅನುಮಾನದಿಂದ ಓದಿದರೆ ಸಾಕು. ಹಾಡಿನಲ್ಲಿ ಬರುವ ಗದ್ದೆಯ ಹೆಸರು, ಕಟ್ಟಿನ ಹೆಸರು, ಒಡೆಯನ ಹೆಸರನ್ನು ಸರ್ವೆ ನಕ್ಷೆಯ ಜೊತೆ ಹೋಲಿಸುವ ಕೆಲಸ ಹೆಚ್ಚೇನೂ ನಡೆದಿಲ್ಲ. ಹಾಡು ಬಲ್ಲ ಅಜ್ಜಿಯಂದಿರು ಇರುವಾಗಲೇ ನಡೆಯಬೇಕಾದ ಕೆಲಸ ಅದು.

ಹೋಳಿಯ ಹೊತ್ತಿಗೆ ಹಾಲಕ್ಕಿ ಕೊಪ್ಪಗಳಲ್ಲಿ ಸುಗ್ಗಿ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಗುಮಟೆ ಬಾರಿಸುತ್ತ ಗಂಡಸರು ಕುಣಿಯುತ್ತಾರೆ. ಗುಮಟೆಯೆಂದರೆ ಮಣ್ಣಿನ ಮಡಕೆಗೆ ಉಡದ ಚರ್ಮ ಬಿಗಿದ ವಾದ್ಯ. 1972ರ ವನ್ಯಜೀವಿ ಕಾಯ್ದೆಯ ನಂತರ ಆಡಿನ ಚರ್ಮ ಬಂದಿದೆ. ಅಂಕೋಲೆಯ ಹತ್ತಿರದ ಬೆಳಂಬಾರದ ಸುಗ್ಗಿ ತಂಡ ತಹಶೀಲ್ದಾರ ಕಚೇರಿಯ ಎದುರೂ ಬಂದು ಕುಣಿಯುವ ರೂಢಿಯಿದೆ. ನೋಡುವವರಿಗೆ ಅದು ಹಬ್ಬದ ಗಮ್ಮತ್ತು. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಪಹಣಿ, ನಕ್ಷೆ, ಖಾತೆಗಳೆಲ್ಲ ಇರುವ ಕಟ್ಟಡ ಅದು. ಒಳಗಿನ ಪುಸ್ತಕಗಳಲ್ಲಿ ತಲೆತಲಾಂತರ ಹೆಸರಿಲ್ಲದ ಜನ ವರ್ಷಕ್ಕೊಮ್ಮೆ ಅದರ ಅಂಗಳಕ್ಕೆ ಬಂದು ತಾವಿದ್ದೇವೆಂದು ಹಾಡಿ ಹೋಗುತ್ತಾರೆ. ಒಳಗಿರುವವರು ಹೊರಗೆ ಬಂದು ನಿಂತು ನೋಡುತ್ತಾರೆ, ಕಾಣಿಕೆ ಕೊಡುತ್ತಾರೆ. ಯಾರಾದರೂ ಒಬ್ಬರು ಆ ಹಾಡನ್ನು ಬರೆದುಕೊಂಡು ಒಳಗೆ ಒಯ್ಯಬೇಕು.